ಪಂಚಾಯತಿಯಲ್ಲಿ ಅರ್ಧದಷ್ಟು, ಲೋಕಸಭೆಯಲ್ಲಿ 74: ಮಹಿಳೆಯರು ಎಲ್ಲಿ ತಡೆಯಲ್ಪಡುತ್ತಾರೆ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಮಹಿಳಾ ಮೀಸಲು ಸ್ಥಾನದಿಂದ ಗ್ರಾಮ ಪಂಚಾಯತಿಗೆ ಆಯ್ಕೆಯಾಗಿ ಅಧ್ಯಕ್ಷೆಯೂ ಆಗಿದ್ದೆ. ಮುಂದಿನ ಚುನಾವಣೆಯಲ್ಲಿ ನನ್ನ ಸ್ಥಾನ ಸಾಮಾನ್ಯಕ್ಕೆ ಬಂದಾಗ, ‘ನೀವು ಮೀಸಲಾತಿಯಲ್ಲಿ ಬಂದವರು, ಈ ಸಲ ಗಂಡಸರಿಗೆ ಬಿಟ್ಟುಕೊಡಿ’ ಎಂದು ಊರಿನ ಹಿರಿಯರೇ ಹೇಳಿದರು, ನಾನೂ ಸುಮ್ಮನಾದೆ. ಲೋಕಸಭೆಯಲ್ಲಿ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಕೊಡುವ ಕಾಯ್ದೆ 2023ರಲ್ಲಿಯೇ ಆಯಿತೆಂದು ಓದಿದ್ದೆ. ಆದರೆ 2024ರ ಚುನಾವಣೆಯಲ್ಲಿ ಅದರ ಸುಳಿವೇ ಇರಲಿಲ್ಲ. ಅದು 2029ಕ್ಕಾದರೂ ಬರುತ್ತದೆಯೇ? ‘ಗೆಲ್ಲುವ ಹೆಂಗಸರು ಸಿಗುವುದಿಲ್ಲ’ ಎಂದು ಪಕ್ಷದವರು ಹೇಳುವುದು ನಿಜವೇ? ಮೀಸಲಾತಿ ಬಂದರೂ ದೊಡ್ಡ ಮನೆತನಗಳ ಹೆಂಡತಿ, ಮಗಳು, ಸೊಸೆಯರೇ ಆರಿಸಿ ಬರುವುದಾದರೆ ನಮ್ಮಂಥವರಿಗೆ ಏನು ಪ್ರಯೋಜನ? ಧಾರವಾಡದಲ್ಲಿ ಓದುತ್ತಿರುವ ನನ್ನ ಮಗಳಿಗೆ ರಾಜಕೀಯಕ್ಕೆ ಬರುವ ಆಸೆಯಿದೆ. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳೂ ಒಂದು ಆತಂಕವೂ ಇವೆ. ಕಾಯ್ದೆ ಯಾವಾಗ ಜಾರಿಗೆ ಬರುತ್ತದೆ, ಮಹಿಳೆಯರು ಗೆಲ್ಲುವುದಿಲ್ಲವೆಂಬ ಮಾತು ಸರಿಯೇ, ಮೀಸಲಾತಿಯ ಲಾಭ ಯಾರಿಗೆ ಎಂಬುವು ಪ್ರಶ್ನೆಗಳು. ಪಂಚಾಯತಿಯಲ್ಲಿ ನೀವು ಗಳಿಸಿದ ಅನುಭವಕ್ಕೆ ಅದರಾಚೆ ದಾರಿಯೇ ಇಲ್ಲವೇನೋ ಎಂಬುದು ಆತಂಕ. ಚುನಾಯಿತ ಮಹಿಳಾ ಸದಸ್ಯರ ತರಬೇತಿಯಲ್ಲಿಯೂ ಚುನಾವಣಾ ಅಧ್ಯಯನದಲ್ಲಿಯೂ ತೊಡಗಿಕೊಂಡಿರುವ ನನಗೆ ಈ ಆತಂಕವೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಉಳಿದ ಮೂರು ಪ್ರಶ್ನೆಗಳ ಉತ್ತರವೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

‘ಗೆಲ್ಲುವ ಹೆಂಗಸರು ಸಿಗುವುದಿಲ್ಲ’ ಎಂಬ ಮಾತನ್ನು ಮೊದಲು ನೋಡೋಣ. 2024ರ ಲೋಕಸಭಾ ಚುನಾವಣೆಯಲ್ಲಿ ಕಣದಲ್ಲಿದ್ದ 8,360 ಅಭ್ಯರ್ಥಿಗಳ ಪೈಕಿ ಮಹಿಳೆಯರು ಸುಮಾರು 800 ಮಂದಿ, ಅಂದರೆ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಅವರಲ್ಲಿ 74 ಮಂದಿ ಗೆದ್ದರು. ಮಹಿಳಾ ಅಭ್ಯರ್ಥಿಗಳಲ್ಲಿ ಶೇಕಡ 9ಕ್ಕಿಂತ ಹೆಚ್ಚು ಜನ ಗೆದ್ದರೆ, ಪುರುಷ ಅಭ್ಯರ್ಥಿಗಳಲ್ಲಿ ಗೆದ್ದವರು ಶೇಕಡ 6ರ ಆಸುಪಾಸಿನಲ್ಲಿದ್ದರು. ಈ ಅಂಕಿಯನ್ನು ತೋರಿಸಿ ಮಹಿಳೆಯರೇ ಹೆಚ್ಚು ಸಮರ್ಥರೆಂದು ವಾದಿಸುವವರಿದ್ದಾರೆ, ಆದರೆ ನಾನು ಆ ವಾದಕ್ಕೆ ಸೇರುವುದಿಲ್ಲ. ಠೇವಣಿ ಕಳೆದುಕೊಳ್ಳುವ ಪಕ್ಷೇತರರಲ್ಲಿ ಬಹುತೇಕರು ಪುರುಷರೇ ಆಗಿರುವುದರಿಂದ ಅವರ ಸರಾಸರಿ ತಾನಾಗಿಯೇ ಕುಸಿಯುತ್ತದೆ. ಈ ಅಂಕಿಯಿಂದ ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ದೊಡ್ಡ ಪಕ್ಷವೊಂದರ ಬಿ ಫಾರಂ, ಅಂದರೆ ಅಧಿಕೃತ ಅಭ್ಯರ್ಥಿಯೆಂಬ ಪತ್ರ, ಕೈಯಲ್ಲಿದ್ದಾಗ, ಮಹಿಳೆಯೆಂಬ ಕಾರಣಕ್ಕೆ ಮತದಾರ ಆಕೆಯನ್ನು ಸೋಲಿಸುತ್ತಾನೆ ಎಂಬುದಕ್ಕೆ ಆಧಾರವಿಲ್ಲ. ನಮ್ಮ ದಾವಣಗೆರೆಯಲ್ಲಿ ಅದೇ ವರ್ಷ ಎರಡೂ ಪ್ರಮುಖ ಪಕ್ಷಗಳು ಮಹಿಳೆಯರನ್ನೇ ನಿಲ್ಲಿಸಿದ್ದವು. ಅಲ್ಲಿನ ಮತದಾರರು ಪಕ್ಷ, ಜಾತಿ, ಮನೆತನ, ಅಭ್ಯರ್ಥಿಯ ನಡವಳಿಕೆ ಇತ್ಯಾದಿಗಳನ್ನು ಎಂದಿನಂತೆಯೇ ತೂಗಿ ನೋಡಿ ಮತ ಹಾಕಿದರು.

ಹಾಗಾದರೆ ಸೋಸುವಿಕೆ ನಡೆಯುವುದು ಎಲ್ಲಿ? ಮತಗಟ್ಟೆಗೆ ಬಹಳ ಮೊದಲು, ಪಕ್ಷದ ಆಯ್ಕೆ ಸಮಿತಿಯಲ್ಲಿ. 2024ರಲ್ಲಿ ದೇಶದ ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳ ಪೈಕಿ ಒಂದರಲ್ಲಿ ಸುಮಾರು ಆರಕ್ಕೊಬ್ಬರು, ಇನ್ನೊಂದರಲ್ಲಿ ಎಂಟಕ್ಕೊಬ್ಬರು ಮಹಿಳೆಯರಿದ್ದರು. ಟಿಕೆಟ್ ಹಂಚಿಕೆಯಲ್ಲಿಯೇ ಪ್ರಮಾಣ ಇಷ್ಟಿದ್ದರೆ ಸದನದಲ್ಲಿ ಶೇಕಡ 13.6 ಬಂದದ್ದರಲ್ಲಿ ಅಚ್ಚರಿಯೇನಿದೆ? ಇದಕ್ಕೆ ಎದುರಾಗಿ ಒಡಿಶಾದ ಉದಾಹರಣೆಯಿದೆ. 2019ರಲ್ಲಿ ಬಿಜು ಜನತಾ ದಳವು 21 ಸ್ಥಾನಗಳಲ್ಲಿ 7ನ್ನು ಮಹಿಳೆಯರಿಗೆ ಬಿಟ್ಟುಕೊಟ್ಟಿತು. ಅವರಲ್ಲಿ 5 ಮಂದಿ ಗೆದ್ದರು. ಪಶ್ಚಿಮ ಬಂಗಾಳದಲ್ಲಿ ತೃಣಮೂಲ ಕಾಂಗ್ರೆಸ್ 2024ರಲ್ಲಿ ಗೆದ್ದ 29 ಸ್ಥಾನಗಳ ಪೈಕಿ 11ರಲ್ಲಿ ಮಹಿಳೆಯರಿದ್ದಾರೆ. ಯಾವ ಕಾಯ್ದೆಯೂ ಈ ಪಕ್ಷಗಳನ್ನು ಒತ್ತಾಯಿಸಿರಲಿಲ್ಲ. ಅವರಿಗೆ ಸಿಕ್ಕ ‘ಗೆಲ್ಲುವ ಹೆಂಗಸರು’ ಉಳಿದವರಿಗೆ ಸಿಗುವುದಿಲ್ಲವೆಂದರೆ, ಉಳಿದವರು ಹುಡುಕಿಲ್ಲವೆಂದೇ ಅರ್ಥ.

ಮತದಾನದ ಲೆಕ್ಕವನ್ನೂ ಇಲ್ಲಿ ಹೇಳಬೇಕು. 1962ರಲ್ಲಿ ಪುರುಷರ ಮತ್ತು ಮಹಿಳೆಯರ ಮತದಾನದ ಪ್ರಮಾಣದ ನಡುವೆ ಶೇಕಡ 16ರಷ್ಟು ಅಂತರವಿತ್ತು. 2019ರಲ್ಲಿ ಮಹಿಳೆಯರು ಪುರುಷರನ್ನು ಕೂದಲೆಳೆಯಷ್ಟು ದಾಟಿದರು, 2024ರಲ್ಲಿಯೂ ಹಾಗೆಯೇ ಆಯಿತು. ಈ ಎರಡು ಚುನಾವಣೆಗಳ ನಡುವೆ ಸಂಸದೆಯರ ಸಂಖ್ಯೆ ಮಾತ್ರ 78ರಿಂದ 74ಕ್ಕೆ ಇಳಿಯಿತು. ಮಹಿಳೆಯರಿಗೆ ರಾಜಕೀಯದಲ್ಲಿ ಆಸಕ್ತಿಯಿಲ್ಲವೆಂಬ ಹಳೆಯ ವಾದಕ್ಕೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಪಕ್ಷಗಳು ಏಕೆ ಹೀಗೆ ಮಾಡುತ್ತವೆ ಎಂಬುದಕ್ಕೆ ದ್ವೇಷವೋ ಪೂರ್ವಗ್ರಹವೋ ಪೂರ್ತಿ ಕಾರಣವಲ್ಲ, ಲೆಕ್ಕಾಚಾರವೂ ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಯ ಒಬ್ಬ ಸದಸ್ಯರು ಪ್ರತಿನಿಧಿಸುವುದು ಸುಮಾರು 400 ಜನರನ್ನು, ಒಂದು ಲೋಕಸಭಾ ಕ್ಷೇತ್ರದಲ್ಲಿ ಸರಾಸರಿ 18 ಲಕ್ಷದಷ್ಟು ಮತದಾರರಿದ್ದಾರೆ. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚದ ಮಿತಿಯನ್ನು 2022ರಲ್ಲಿ 95 ಲಕ್ಷ ರೂಪಾಯಿಗೆ ಏರಿಸಲಾಯಿತು, ಆದರೆ ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಹೀಗಾಗಿ ‘ಖರ್ಚು ತಡೆದುಕೊಳ್ಳುವ ಶಕ್ತಿ ಇದೆಯೇ?’ ಎಂಬುದೇ ಟಿಕೆಟ್ ಆಕಾಂಕ್ಷಿಗೆ ಮುಖಂಡರು ಕೇಳುವ ಮೊದಲ ಪ್ರಶ್ನೆಯಾಗಿರುತ್ತದೆ. ಜಮೀನಾಗಲಿ ವ್ಯವಹಾರವಾಗಲಿ ತನ್ನ ಹೆಸರಿನಲ್ಲಿಲ್ಲದ, ರಾತ್ರಿ ಹನ್ನೊಂದರ ಸಭೆಗೆ ಹೋಗಲು ಮನೆಯವರ ಒಪ್ಪಿಗೆ ಪಡೆಯಬೇಕಾದ ಮಹಿಳೆ ಆ ಪ್ರಶ್ನೆಯಲ್ಲಿಯೇ ಹೊರಗುಳಿಯುತ್ತಾಳೆ. ಅದನ್ನು ದಾಟಿ ಬರಬಲ್ಲವಳು ಹಣವೂ ಕಾರ್ಯಕರ್ತರೂ ಮೊದಲೇ ಇರುವ ಮನೆಯವಳು.

ನಿಮ್ಮ ಮೂರನೆಯ ಪ್ರಶ್ನೆಗೆ, ಅಂದರೆ ದೊಡ್ಡ ಮನೆತನಗಳ ಮಾತಿಗೆ, ಉತ್ತರದ ಅರ್ಧ ಇಲ್ಲಿಯೇ ಸಿಗುತ್ತದೆ. ಕರ್ನಾಟಕದಲ್ಲಿ 2024ರಲ್ಲಿ ಕಾಂಗ್ರೆಸ್ 6 ಮಹಿಳೆಯರಿಗೂ ಬಿಜೆಪಿ 2 ಮಹಿಳೆಯರಿಗೂ ಟಿಕೆಟ್ ನೀಡಿದವು. ಆ ಎಂಟರಲ್ಲಿ ಆರು ಮಂದಿ ಸಚಿವರ ಇಲ್ಲವೇ ಸಂಸದರ ಪತ್ನಿಯೋ ಪುತ್ರಿಯೋ ಆಗಿದ್ದರು ಅಥವಾ ಮಾಜಿ ಮುಖ್ಯಮಂತ್ರಿಯ ಮಗಳಾಗಿದ್ದರು. 28 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು ಮೂರರಲ್ಲಿ: ಬೆಂಗಳೂರು ಉತ್ತರ, ದಾವಣಗೆರೆ ಮತ್ತು ಚಿಕ್ಕೋಡಿ. ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ. ಆದರೆ ಇದನ್ನು ಮೀಸಲಾತಿಯ ದೋಷವೆಂದು ಹೇಳುವ ಮುನ್ನ, ಈ ಟಿಕೆಟ್‌ಗಳನ್ನು ಕೊಟ್ಟದ್ದು ಮೀಸಲಾತಿ ಇಲ್ಲದ ಚುನಾವಣೆಯಲ್ಲಿ ಎಂಬುದನ್ನು ಗಮನಿಸಿ. ಮನೆತನದ ರಾಜಕಾರಣ ಪುರುಷರಲ್ಲಿಯೂ ಧಾರಾಳವಾಗಿದೆ. ಅವರಿಗೆ ಬೇರೆ ದಾರಿಗಳೂ ಇವೆ, ವಿದ್ಯಾರ್ಥಿ ಸಂಘ, ಸಹಕಾರಿ ಬ್ಯಾಂಕು, ಎಪಿಎಂಸಿ, ಗುತ್ತಿಗೆದಾರಿಕೆ ಹೀಗೆ. ಮಹಿಳೆಯರಿಗೆ ಮಾತ್ರ ಮನೆಯ ಬಾಗಿಲೊಂದೇ ತೆರೆದಿದ್ದರೆ, ಒಳಬರುವವರೆಲ್ಲ ಆ ಮನೆಗಳವರೇ ಆಗಿರುವುದು ಸಹಜ.

ಮೀಸಲಾತಿಯಿಂದ ಬಂದವರು ಮೀಸಲಾತಿ ಹೋದೊಡನೆ ಮರೆಯಾಗುತ್ತಾರೆಂಬುದು ಇನ್ನೊಂದು ನಂಬಿಕೆ. ನಿಮ್ಮ ಊರಿನ ಹಿರಿಯರು ಹೇಳಿದ್ದು ಅದನ್ನೇ. ಈ ಬಗ್ಗೆ ಊಹೆಗಿಂತ ಗಟ್ಟಿಯಾದ ಆಧಾರ ನಮ್ಮ ದೇಶದಲ್ಲಿಯೇ ಇದೆ. ಮುಂಬಯಿ ಮಹಾನಗರ ಪಾಲಿಕೆಯ ಚುನಾವಣೆಗಳನ್ನು ಅಧ್ಯಯನ ಮಾಡಿದ ರಾಜ್ಯಶಾಸ್ತ್ರಜ್ಞ ರಿಖಿಲ್ ಭಾವನಾನಿ ಅವರು, ಹಿಂದಿನ ಅವಧಿಯಲ್ಲಿ ಮಹಿಳೆಗೆ ಮೀಸಲಾಗಿದ್ದು ನಂತರ ಮುಕ್ತವಾದ ವಾರ್ಡುಗಳಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ, ಮೀಸಲಾಗಿರದಿದ್ದ ವಾರ್ಡುಗಳಿಗಿಂತ ಸುಮಾರು 5 ಪಟ್ಟು ಹೆಚ್ಚಿತ್ತೆಂದು ತೋರಿಸಿದರು. ಗೆದ್ದ ಮಹಿಳೆಯರು ಮತ್ತೆ ಸ್ಪರ್ಧಿಸಿದ್ದು ಒಂದು ಕಾರಣ, ಮಹಿಳೆಯೂ ಗೆಲ್ಲಬಲ್ಲಳೆಂದು ಪಕ್ಷಗಳು ಕಣ್ಣಾರೆ ಕಂಡದ್ದು ಇನ್ನೊಂದು ಕಾರಣ. ಪಶ್ಚಿಮ ಬಂಗಾಳದ ಗ್ರಾಮಗಳಲ್ಲಿ ನಡೆದ ಮತ್ತೊಂದು ಅಧ್ಯಯನದಲ್ಲಿ, ಮೊದಲ ಮಹಿಳಾ ಪ್ರಧಾನರನ್ನು, ಅಂದರೆ ಪಂಚಾಯತಿ ಅಧ್ಯಕ್ಷೆಯರನ್ನು, ಜನ ಅನುಮಾನದಿಂದಲೇ ನೋಡಿದರೂ ಎರಡನೆಯ ಬಾರಿ ಮಹಿಳೆ ಆ ಸ್ಥಾನಕ್ಕೆ ಬಂದ ಕಡೆ ಆ ಅನುಮಾನ ಬಹುಮಟ್ಟಿಗೆ ಕರಗಿತ್ತು. ನೀವು ಸ್ಥಾನ ಬಿಟ್ಟುಕೊಟ್ಟದ್ದಕ್ಕೆ ನಿಮ್ಮನ್ನು ದೂರಲಾರೆ. ಆದರೆ ಸಾಮಾನ್ಯ ಸ್ಥಾನ ಪುರುಷರಿಗೆ ಮೀಸಲಾದ ಸ್ಥಾನವಲ್ಲವೆಂಬುದು ಕಾನೂನು, ಬಿಟ್ಟುಕೊಡಿ ಎಂದವರಿಗೆ ಅದು ಗೊತ್ತಿರಲಿಲ್ಲವೆಂದು ನನಗನ್ನಿಸುವುದಿಲ್ಲ.

ಈಗ ಕಾಯ್ದೆಯ ವಿಷಯ. ಲೋಕಸಭೆಯಲ್ಲಿ ಮಹಿಳಾ ಮೀಸಲಾತಿಯ ಮಸೂದೆಯನ್ನು ಮೊದಲ ಬಾರಿ ಮಂಡಿಸಿದ್ದು ಎಚ್.ಡಿ. ದೇವೇಗೌಡರ ಸರ್ಕಾರ, 1996ರ ಸೆಪ್ಟೆಂಬರ್ 12ರಂದು. ಕರ್ನಾಟಕಕ್ಕೆ ಇದರ ಅನುಭವ ಮೊದಲೇ ಇತ್ತು. ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ರೂಪಿಸಿದ ಪಂಚಾಯತಿ ವ್ಯವಸ್ಥೆಯಲ್ಲಿ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನವಿತ್ತು, 1987ರಲ್ಲಿ ಅದರ ಚುನಾವಣೆಯೂ ನಡೆದಿತ್ತು. ದೇಶದ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದರಷ್ಟು ಸ್ಥಾನ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಸಂಸತ್ತಿನ ಮಸೂದೆ ಮಾತ್ರ 1998, 1999ರಲ್ಲಿ ಮತ್ತೆ ಮತ್ತೆ ಬಂದು ಬಿದ್ದುಹೋಯಿತು. 2010ರ ಮಾರ್ಚ್ 9ರಂದು ರಾಜ್ಯಸಭೆ ಅದನ್ನು 186–1 ಮತಗಳಿಂದ ಅಂಗೀಕರಿಸಿದರೂ ಲೋಕಸಭೆ ಕೈಗೆತ್ತಿಕೊಳ್ಳದೆ 2014ರಲ್ಲಿ ಅದು ಬಿದ್ದುಹೋಯಿತು. ಮಹಿಳಾ ಕೋಟಾದೊಳಗೆ ಹಿಂದುಳಿದ ವರ್ಗಗಳಿಗೆ ಒಳಮೀಸಲಾತಿ ಬೇಕೆಂಬ ಬೇಡಿಕೆ ಆ ದಿನಗಳಲ್ಲಿ ದೊಡ್ಡ ವಿರೋಧವಾಗಿತ್ತು. ಅದನ್ನು ಕೇವಲ ಅಡ್ಡಿಪಡಿಸುವ ನೆಪವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ, ನಮ್ಮ ಪಂಚಾಯತಿಗಳಲ್ಲಿ ಅಂಥ ಒಳಮೀಸಲಾತಿ ಇದ್ದೇ ಇದೆಯಲ್ಲವೇ?

2023ರ ಸೆಪ್ಟೆಂಬರ್ 20ರಂದು ಲೋಕಸಭೆ 454–2 ಮತಗಳಿಂದಲೂ ಮರುದಿನ ರಾಜ್ಯಸಭೆ 214–0 ಮತಗಳಿಂದಲೂ ಅಂಗೀಕರಿಸಿದ ಮಸೂದೆ, 106ನೇ ತಿದ್ದುಪಡಿ ಕಾಯ್ದೆಯಾಯಿತು. ಲೋಕಸಭೆಯಲ್ಲಿ, ರಾಜ್ಯ ವಿಧಾನಸಭೆಗಳಲ್ಲಿ ಮತ್ತು ದೆಹಲಿ ವಿಧಾನಸಭೆಯಲ್ಲಿ ಮೂರನೇ ಒಂದರಷ್ಟು ಸ್ಥಾನ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲು ಸ್ಥಾನಗಳೊಳಗೂ ಅಷ್ಟೇ ಪಾಲು, ಇದು ಅದರ ತಿರುಳು. ರಾಜ್ಯಸಭೆಗೂ ವಿಧಾನ ಪರಿಷತ್ತಿಗೂ ಇದು ಅನ್ವಯಿಸುವುದಿಲ್ಲ. ಆದರೆ ಇದರೊಂದಿಗೆ ಸೇರಿದ 334ಎ ವಿಧಿಯ ಪಠ್ಯ ಒಂದು ಷರತ್ತು ಹಾಕಿತು: ಕಾಯ್ದೆ ಜಾರಿಗೆ ಬಂದ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗಬೇಕು, ಅದರ ಮೇಲೆ ಕ್ಷೇತ್ರ ಪುನರ್ವಿಂಗಡಣೆ, ಅಂದರೆ ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳನ್ನು ಮತ್ತೆ ಗುರುತಿಸುವ ಕೆಲಸ, ನಡೆಯಬೇಕು, ಆಮೇಲೆಯೇ ಮೀಸಲಾತಿ. 2024ರಲ್ಲಿ ನಿಮಗೆ ಅದರ ಸುಳಿವು ಕಾಣದಿದ್ದುದಕ್ಕೆ ಕಾರಣ ಇದೇ.

2029ರ ಪ್ರಶ್ನೆಗೆ ಆ ಪಠ್ಯವನ್ನೇ ಆಧಾರವಾಗಿಟ್ಟು ಉತ್ತರಿಸುವೆ. ಜನಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನಾಂಕವೆಂದು ಗೊತ್ತುಪಡಿಸಲಾಯಿತು. ಅಂಕಿಅಂಶ ಪ್ರಕಟವಾದ ಮೇಲೆ ಪುನರ್ವಿಂಗಡಣಾ ಆಯೋಗ ರಚನೆಯಾಗಬೇಕು, ಕರಡು ಹೊರಡಬೇಕು, ಆಕ್ಷೇಪಣೆಗಳನ್ನು ಕೇಳಬೇಕು. ಹಿಂದಿನ ಆಯೋಗ 2002ರಲ್ಲಿ ರಚನೆಯಾಗಿ ಅದರ ಆದೇಶ ಜಾರಿಗೆ ಬಂದದ್ದು 2008ರಲ್ಲಿ, ಅದೂ ರಾಜ್ಯಗಳ ನಡುವೆ ಸ್ಥಾನಗಳ ಹಂಚಿಕೆಯನ್ನು ಮುಟ್ಟದೆ. ಈ ಬಾರಿ ಆ ಹಂಚಿಕೆಯೇ ವಿವಾದದ ಕೇಂದ್ರ. ಈಗಿನ ಹಂಚಿಕೆ 1971ರ ಜನಗಣತಿಯ ಮೇಲೆ ನಿಂತಿದೆ. ಜನಸಂಖ್ಯೆಯನ್ನು ಹಿಡಿತಕ್ಕೆ ತಂದುಕೊಂಡ ದಕ್ಷಿಣದ ರಾಜ್ಯಗಳು ತಮ್ಮ ಪಾಲು ಕುಗ್ಗುವುದೆಂದು ಅಂಜಿವೆ, ಕರ್ನಾಟಕವೂ ಅವುಗಳಲ್ಲಿ ಒಂದು. ಮಹಿಳೆಯರ ಪ್ರಶ್ನೆಯನ್ನು ದೇಶದ ಅತ್ಯಂತ ಕಗ್ಗಂಟಾದ ಪ್ರಶ್ನೆಗೆ ಕಟ್ಟಿಹಾಕಿದ್ದು ಈ ಕಾಯ್ದೆಯ ದೊಡ್ಡ ದೌರ್ಬಲ್ಯವೆಂದು ನಾನು ಭಾವಿಸುತ್ತೇನೆ. ಸಂಸತ್ತು ಮತ್ತೊಂದು ತಿದ್ದುಪಡಿಯಿಂದ ಈ ಗಂಟನ್ನು ಬಿಚ್ಚದ ಹೊರತು, 2023ರ ಪಠ್ಯದ ದಾರಿಯಲ್ಲಿ 2029ಕ್ಕೆ ಮೀಸಲಾತಿ ತಲುಪುವುದು ಬಹಳ ಕಷ್ಟ.

ಅದು ಬಂದಾಗಲೂ ಕಣ್ಣಿಡಬೇಕಾದ ಸಂಗತಿಗಳಿವೆ. 2010ರಲ್ಲಿ ರಾಜ್ಯಸಭೆ ಅಂಗೀಕರಿಸಿದ್ದ 2008ರ ಮಸೂದೆಯಲ್ಲಿ ಮೀಸಲು ಕ್ಷೇತ್ರ ಪ್ರತಿ ಸಾರ್ವತ್ರಿಕ ಚುನಾವಣೆಗೆ ಬದಲಾಗುತ್ತಿತ್ತು, 2023ರ ಕಾಯ್ದೆಯಲ್ಲಿ ಪ್ರತಿ ಪುನರ್ವಿಂಗಡಣೆಯ ನಂತರ ಬದಲಾಗುತ್ತದೆ. ಮೊದಲಿನ ಕ್ರಮದಲ್ಲಿ ಸಂಸದೆ ಐದು ವರ್ಷ ಕ್ಷೇತ್ರ ಸುತ್ತಿ ಕೆಲಸ ಮಾಡಿದರೂ ಮರಳಿ ನಿಲ್ಲುವಾಗ ಮೀಸಲಾತಿ ಬೇರೆಡೆಗೆ ಹೋಗಿರುತ್ತಿತ್ತು, ನಿಮಗೆ ಪಂಚಾಯತಿಯಲ್ಲಿ ಆದದ್ದೇ ಅವರಿಗೂ ಆಗುತ್ತಿತ್ತು. ಈಗಿನ ಕ್ರಮ ಆ ಮಟ್ಟಿಗೆ ಒಳ್ಳೆಯದು. ಆದರೆ ಪುನರ್ವಿಂಗಡಣೆ ದಶಕಗಟ್ಟಲೆ ನಿಂತುಹೋಗುವ ನಮ್ಮ ದೇಶದಲ್ಲಿ ಕೆಲವೇ ಕ್ಷೇತ್ರಗಳು ‘ಮಹಿಳಾ ಕ್ಷೇತ್ರ’ಗಳೆಂದು ಗುರುತಾಗಿ, ಉಳಿದ ಕಡೆ ಮಹಿಳೆ ಟಿಕೆಟ್ ಕೇಳಿದರೆ ‘ಅಲ್ಲಿಗೆ ಹೋಗಿ’ ಎನ್ನುವ ಅಪಾಯವಿದೆ. ಮೂರನೇ ಒಂದು ಎಂಬುದು ಕನಿಷ್ಠ ಮಿತಿ, ಗರಿಷ್ಠವಲ್ಲ. ಅದನ್ನು ಗರಿಷ್ಠವಾಗಿ ಮಾಡಿಬಿಡುವುದು ಪಕ್ಷಗಳಿಗೆ ಸುಲಭ. ಮೀಸಲಾತಿಯ ಅವಧಿ 15 ವರ್ಷವೆಂದು ಕಾಯ್ದೆ ಹೇಳುತ್ತದೆ, ಅದನ್ನು ಮುಂದುವರಿಸುವ ಅಧಿಕಾರವನ್ನು ಸಂಸತ್ತಿಗೆ ಬಿಟ್ಟಿದೆ.

ಬೇರೆ ದಾರಿಗಳು ಇಲ್ಲವೇ? ಇವೆ, ಒಂದೊಂದಕ್ಕೂ ಒಂದೊಂದು ತೊಡಕಿದೆ. ಪಕ್ಷಗಳು ಕನಿಷ್ಠ ಇಷ್ಟು ಪಾಲು ಟಿಕೆಟ್‌ಗಳನ್ನು ಮಹಿಳೆಯರಿಗೆ ಕೊಡದಿದ್ದರೆ ಮಾನ್ಯತೆ ಇಲ್ಲವೆಂದು ಮಾಡಬಹುದೆಂಬುದು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಎಂ.ಎಸ್. ಗಿಲ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರ. ಇದಕ್ಕೆ ಪುನರ್ವಿಂಗಡಣೆ ಬೇಕಿಲ್ಲ, ಕ್ಷೇತ್ರ ಬದಲಾವಣೆಯ ಗೋಜಿಲ್ಲ. ಆದರೆ ಸೋಲುವುದು ಖಚಿತವಾದ ಕ್ಷೇತ್ರಗಳನ್ನೇ ಮಹಿಳೆಯರ ಪಾಲಿಗೆ ದೂಡಿ ಲೆಕ್ಕ ತುಂಬಿಸಬಹುದು. ಫ್ರಾನ್ಸಿನಲ್ಲಿ 2000ದಲ್ಲಿ ಸಮಾನ ಟಿಕೆಟ್ ಕಾನೂನು ಬಂದಾಗ ದೊಡ್ಡ ಪಕ್ಷಗಳು ದಂಡ ತೆರಲು ಸಿದ್ಧವಾದವು. 2002ರ ಚುನಾವಣೆಯಲ್ಲಿ ಅಲ್ಲಿನ ಕೆಳಮನೆಯಲ್ಲಿ ಮಹಿಳೆಯರ ಪಾಲು ಶೇಕಡ 10.9ರಿಂದ 12.3ಕ್ಕೆ ಏರಿದ್ದಷ್ಟೇ ಲಾಭ. ತಮಿಳುನಾಡಿನ ನಾಮ್ ತಮಿಳರ್ ಕಚ್ಚಿ ಲೋಕಸಭೆಗೆ ನಿಲ್ಲಿಸಿದ ಅಭ್ಯರ್ಥಿಗಳಲ್ಲಿ ಅರ್ಧದಷ್ಟು ಮಹಿಳೆಯರೇ ಇದ್ದರು. ಗೆಲ್ಲುವ ಬಲವೇ ಇಲ್ಲದ ಪಕ್ಷವಾದ್ದರಿಂದ ಒಬ್ಬರೂ ಸದನ ತಲುಪಲಿಲ್ಲ.

ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಮಾದರಿ ಇನ್ನೊಂದು. ಅಲ್ಲಿ ಮಹಿಳೆಯರಿಗೆಂದು ಹೆಚ್ಚುವರಿ ಸ್ಥಾನಗಳನ್ನು ಇಟ್ಟು, ಪಕ್ಷಗಳು ಗೆದ್ದ ಸ್ಥಾನಗಳಿಗೆ ಅನುಗುಣವಾಗಿ ಅವುಗಳನ್ನು ತುಂಬುವ ಪದ್ಧತಿ ಬೆಳೆಯಿತು. ಯಾವ ಪುರುಷ ಸಂಸದನೂ ತನ್ನ ಕ್ಷೇತ್ರ ಕಳೆದುಕೊಳ್ಳುವುದಿಲ್ಲವಾದ್ದರಿಂದ ಇದಕ್ಕೆ ವಿರೋಧ ಕಡಿಮೆ. ಆದರೆ ಹೀಗೆ ಬಂದ ಸದಸ್ಯೆಗೆ ತನ್ನದೆನ್ನುವ ಮತದಾರರಿಲ್ಲ, ಮುಂದಿನ ಬಾರಿಗೂ ಮುಖಂಡರ ಕೃಪೆಯನ್ನೇ ಕಾಯಬೇಕು. ನಮ್ಮ ಪಂಚಾಯತಿಯ ಮಹಿಳೆಯರು ಗಳಿಸಿದ ಬಲವೆಲ್ಲ ನೇರ ಚುನಾವಣೆಯಿಂದ ಬಂದದ್ದಾದ್ದರಿಂದ, ಈ ದಾರಿ ನಮಗೆ ಹಿನ್ನಡೆಯಾದೀತು.

ನಿಮ್ಮ ಆತಂಕಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ 2010ರಿಂದ ಪಂಚಾಯತಿ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಆದರೂ 2023ರಲ್ಲಿ 224 ಸದಸ್ಯರ ವಿಧಾನಸಭೆಗೆ ಆರಿಸಿ ಬಂದವರು 10 ಮಹಿಳೆಯರು ಮಾತ್ರ. ಅಷ್ಟು ದೊಡ್ಡ ಮಹಿಳಾ ಸಮೂಹ ಮೇಲಕ್ಕೆ ಏಕೆ ಬರುತ್ತಿಲ್ಲವೆಂದು ಕೇಳುವಾಗ, ಗ್ರಾಮ ಪಂಚಾಯತಿ ಚುನಾವಣೆ ನಮ್ಮಲ್ಲಿ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆಂಬುದನ್ನು ಬಹಳ ಜನ ಮರೆಯುತ್ತಾರೆ. ಪಕ್ಷದ ಟಿಕೆಟ್ ಎಂಬುದು ಮೊದಲು ಎದುರಾಗುವುದು ತಾಲೂಕು ಮತ್ತು ಜಿಲ್ಲಾ ಪಂಚಾಯತಿಯಲ್ಲಿ. ಅಲ್ಲಿಯೂ ಅರ್ಧ ಸ್ಥಾನ ಮೀಸಲಿರುವುದರಿಂದ ಪಕ್ಷಗಳು ಮಹಿಳೆಯರನ್ನು ಹುಡುಕಿ ತರಲೇಬೇಕು. ಸಾಮಾನ್ಯ ಮನೆಯ ಮಹಿಳೆಗೆ ಜಿಲ್ಲಾ ಮುಖಂಡರ ಪರಿಚಯ, ದೊಡ್ಡ ಕ್ಷೇತ್ರದ ಪ್ರಚಾರ, ಅಧಿಕಾರಿಗಳೊಂದಿಗಿನ ವ್ಯವಹಾರ ಇವೆಲ್ಲ ಒದಗುವುದು ಅಲ್ಲಿ. 2016ರಲ್ಲಿ ಆಯ್ಕೆಯಾದ ಆ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಏಣಿಯ ನಡುವಿನ ಮೆಟ್ಟಿಲನ್ನು ತೆಗೆದಿಟ್ಟು, ಮೇಲೆ ಬರುವ ಹೆಂಗಸರೇ ಇಲ್ಲವೆಂದು ದೂರುವುದು ನ್ಯಾಯವಲ್ಲ. ದೆಹಲಿಯ ಕಾಯ್ದೆಗಾಗಿ ಕೇಳುವಷ್ಟೇ ಗಟ್ಟಿಯಾಗಿ ಈ ಚುನಾವಣೆಗಳನ್ನು ಕಾಲಕಾಲಕ್ಕೆ ನಡೆಸಿರೆಂದು ಕೇಳುವುದು ನಿಮ್ಮಂಥ ಮಾಜಿ ಅಧ್ಯಕ್ಷೆಯರಿಗೆ ಹೆಚ್ಚು ಫಲ ಕೊಡಬಹುದು.

ಮಗಳಿಗೆ ಮೂರು ಮಾತು ಹೇಳಿ. ಗ್ರಾಮ ಪಂಚಾಯತಿಗೆ ನಿಲ್ಲಲು 21 ವರ್ಷ, ವಿಧಾನಸಭೆಗೂ ಲೋಕಸಭೆಗೂ 25 ವರ್ಷ ತುಂಬಿರಬೇಕು. ಲೋಕಸಭೆಗೆ ದೇಶದ ಯಾವುದೇ ಕ್ಷೇತ್ರದ ಮತದಾರಳಾಗಿದ್ದರೆ ಸಾಕು, ಪಂಚಾಯತಿಗೆ ಮಾತ್ರ ಅಲ್ಲಿನ ಮತದಾರರ ಪಟ್ಟಿಯಲ್ಲಿಯೇ ಹೆಸರಿರಬೇಕು. ಆದ್ದರಿಂದ ಹಾಸ್ಟೆಲ್ಲಿನಲ್ಲಿದ್ದರೂ ಊರಿನ ಪಟ್ಟಿಯಿಂದ ಹೆಸರು ತೆಗೆಸದಿರಲಿ. ಎರಡನೆಯದಾಗಿ, ಪಕ್ಷವೊಂದನ್ನು ಸೇರುವುದಾದರೆ ಅದರ ಮಹಿಳಾ ಘಟಕಕ್ಕಷ್ಟೇ ಸೀಮಿತವಾಗದಿರಲಿ. ಆ ಘಟಕಗಳಲ್ಲಿ ಸಭೆಗೆ ಜನ ಸೇರಿಸುವ ಕೆಲಸ ಧಾರಾಳವಾಗಿ ಸಿಗುತ್ತದೆ, ಟಿಕೆಟ್ ತೀರ್ಮಾನಿಸುವ ಕಡೆ ಅವುಗಳ ಮಾತು ನಡೆಯುವುದು ಅಪರೂಪ. ಬೂತ್ ಮಟ್ಟದ ಸಮಿತಿಯಲ್ಲಿ ಹೊಣೆ ಕೇಳಿ ಪಡೆಯಲಿ, ಮತದಾರರ ಪಟ್ಟಿ ಓದುವುದನ್ನು ಕಲಿಯಲಿ. ಮೂರನೆಯದು ಹಣದ ಮಾತು. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ, ಸಾಧ್ಯವಾದರೆ ಒಂದು ತುಂಡು ಆಸ್ತಿ ಇರುವಂತೆ ಮನೆಯಲ್ಲಿ ಈಗಲೇ ನಿರ್ಧರಿಸಿ. ‘ಖರ್ಚು ತಡೆದುಕೊಳ್ಳುವ ಶಕ್ತಿ ಇದೆಯೇ?’ ಎಂಬ ಪ್ರಶ್ನೆ ಬಂದಾಗ ಅಪ್ಪನನ್ನೋ ಮುಂದೆ ಗಂಡನನ್ನೋ ನೋಡದೆ ಅವಳೇ ಉತ್ತರಿಸುವಂತಿರಬೇಕು. ಇನ್ನು ನೀವು: ನಿಮ್ಮ ವಾರ್ಡು ಈಗ ಸಾಮಾನ್ಯವಾಗಿಯೇ ಇದ್ದರೆ, ಮುಂದಿನ ಚುನಾವಣೆಗೆ ನಾಮಪತ್ರ ಸಲ್ಲಿಸಲು ಯಾರ ಒಪ್ಪಿಗೆಯೂ ಬೇಕಿಲ್ಲ. ಗೆಲ್ಲುವ ಭರವಸೆಯನ್ನು ನಾನು ಕೊಡಲಾರೆ, ಆದರೆ ನಿಮ್ಮ ಅವಧಿಯಲ್ಲಿ ಆದ ಕಾಮಗಾರಿಗಳ ದಾಖಲೆಗಳನ್ನು ಪಂಚಾಯತಿಯಿಂದ ಮಾಹಿತಿ ಹಕ್ಕಿನಡಿ ಈಗಲೇ ಕೇಳಿ ಪಡೆದುಕೊಂಡರೆ, ಚುನಾವಣೆಯ ಹೊತ್ತಿಗೆ ಜನರ ಮುಂದಿಡಲು ಅವು ನಿಮ್ಮ ಕೈಯಲ್ಲಿರುತ್ತವೆ.